ಅಳತೆಯಿಲ್ಲದೆ ಹೊಲಿದ ಸಾಡೊ

"ಒಂದೇ ಒಂದು ಸಲ ಕೆಟ್ಟದಾಗಿ ಹೊಲಿಯಲಿಕ್ಕೆ ಆಗಲಿಲ್ವಾ ನಿಮಗೆ?"

ತನ್ನ ಕೋಣೆಯ ಕನ್ನಡಿಯ ಮುಂದೆ ನಿಂತ ಗ್ಲ್ಯಾಡಿಸ್ ತಿರುಗದೆಯೇ ಕೇಳಿದಳು. ಕನ್ನಡಿಯೊಳಗಿನ ಅವಳ ಕಣ್ಣುಗಳು ಹೊಸ್ತಿಲಲ್ಲಿ ಟೇಪು ಹಿಡಿದು ನಿಂತಿದ್ದ ದರ್ಜಿ ಆಲ್ಫೋನ್ಸನ ಮೇಲಿದ್ದವು. ಕೆಂಪು ರೇಷ್ಮೆಯ ರವಿಕೆ ಅವಳ ಮೈಮೇಲೆ ಎಲ್ಲೂ ಒಂದು ಸುಕ್ಕಿಲ್ಲದೆ ಕೂತಿತ್ತು.

ಅದು ಸಾಡೊದ ರವಿಕೆ. ಕೊಂಕಣಿ ಕ್ರೈಸ್ತರಲ್ಲಿ ಗಂಡಿನ ಕಡೆಯವರು ಮದುಮಗಳಿಗೆ ಕೊಡುವ ಕೆಂಪು ಸೀರೆಯೇ ಸಾಡೊ. ಅದರ ರವಿಕೆಗೆ ಕತ್ತರಿ ಹಾಕುವುದೂ ಒಂದು ಶಾಸ್ತ್ರ. ಗಂಡಿನ ಮನೆಯಲ್ಲಿ ನೆಂಟರೆಲ್ಲ ಸೇರಬೇಕು, ದರ್ಜಿ ಶಿಲುಬೆಯ ಗುರುತು ಮಾಡಿ ಕತ್ತರಿ ಇಡುತ್ತಿದ್ದಂತೆ ಅಂಗಳದಲ್ಲಿ ಗರ್ನಾಲು ಪಟಾಕಿ ಸಿಡಿಯಬೇಕು.

ಗಂಡು ಕಾರ್ಕಳದ ಮ್ಯಾಥ್ಯೂ, ಕುವೈತಿನಿಂದ ರಜೆಯಲ್ಲಿ ಬಂದವನು. "ಕಾಪುವಿನ ಆಲ್ಫೋನ್ಸನೇ ಬೇಕು, ಅವನ ಕೈಯಲ್ಲಿ ಬಟ್ಟೆ ಹಾಳಾದದ್ದೇ ಇಲ್ಲ," ಎಂದು ಹೇಳಿಕಳಿಸಿದವಳು ಅವನ ತಾಯಿ. ಆಲ್ಫೋನ್ಸ್ ಹೋದ. ಗರ್ನಾಲು ಸಿಡಿಯಿತು. ತಲೆ ಎತ್ತಿದರೆ ಮುಖ ನಾಲ್ಕು ಜನಕ್ಕೆ ಕಾಣುತ್ತದೆಂದು ಅವನು ತಲೆ ಎತ್ತದೆಯೇ ಕತ್ತರಿಸಿದ.

ಗ್ಲ್ಯಾಡಿಸಳ ಅಪ್ಪ ಜಾರ್ಜರ ಬೇಕರಿಯಲ್ಲಿ ವರ್ಷಗಟ್ಟಲೆ ಬ್ರೆಡ್ ಕೊಂಡವನು ಅವನು. ಅವಳು ಬ್ರೆಡ್ ಕಟ್ಟುವಾಗ ಅವನು ಕಣ್ಣು ಕೀಳದೆ ನಿಂತರೆ, "ಟೈಲರೇ, ಅಳತೆ ತೆಗೆಯುವುದು ಬ್ರೆಡ್ಡಿನದ್ದಾ, ಕೊಡುವವಳದ್ದಾ?" ಎಂದು ತುಟಿಯಂಚಿನಲ್ಲಿ ನಗುತ್ತಿದ್ದಳು. ಕಿವಿ ಕೆಂಪಾಗಿ, ಬ್ರೆಡ್ಡನ್ನು ಅಲ್ಲೇ ಮರೆತು ನಡೆದುಬಿಡುತ್ತಿದ್ದ. ಮರುದಿನ ಅದನ್ನು ಕೇಳಲಿಕ್ಕೆ ಬರುತ್ತಿದ್ದ. ಕೇಳಬೇಕಾದದ್ದನ್ನು ಮಾತ್ರ ಕೇಳಲಿಲ್ಲ.

"ಅಳತೆಗೆ ಅಕ್ಕನ ರವಿಕೆ ಕಳಿಸಿದ್ದು ನಾನೇ, ಬೇಕೆಂದೇ," ಗ್ಲ್ಯಾಡಿಸಳ ಧ್ವನಿ ಒಡೆಯಿತು. "ಸಾಡೊದ ರವಿಕೆ ದೊಗಳೆಯಾದರೆ ಅಪಶಕುನ ಅಂತ ಮ್ಯಾಥ್ಯೂನ ಅಮ್ಮ ಮದುವೆಯನ್ನೇ ಬಿಟ್ಟಾರು ಅಂತ ಎಣಿಸಿದ್ದೆ. ಪಪ್ಪನಿಗೆ ಹೇಳಲಿಕ್ಕೆ ನನಗೆ ಧೈರ್ಯ ಇಲ್ಲ. ನಿಮಗೆ ಬಾಯಿಯೇ ಇಲ್ಲ. ಬಟ್ಟೆಯಾದರೂ ಮಾತಾಡಲಿ ಅಂತ..."

ಆ ರವಿಕೆ ಅವಳದ್ದಲ್ಲವೆಂದು ಬಿಡಿಸಿದ ಕೂಡಲೇ ಆಲ್ಫೋನ್ಸನಿಗೆ ಗೊತ್ತಾಗಿತ್ತು. ಯಾರೋ ತಪ್ಪಿ ಕಟ್ಟಿಕೊಟ್ಟಿದ್ದಾರೆಂದುಕೊಂಡು ಬದಿಗಿಟ್ಟಿದ್ದ. ಹೊಲಿಯುವಾಗ, ತೋಳು ಒಂದಿಷ್ಟು ಬಿಗಿಯಾದರೆ ಎಂತ ಆದೀತು ಎಂಬ ಯೋಚನೆ ಅವನಿಗೂ ಬಾರದೆ ಇರಲಿಲ್ಲ. ಆದರೆ ಹೊಲಿಗೆಯ ಒಳಬದಿ ಗಿರಾಕಿಗೆ ಕಾಣದಿದ್ದರೂ ದೇವರಿಗೆ ಕಾಣುತ್ತದೆ ಎಂದು ಕಲಿಸಿದ ಅಪ್ಪನ ಮಗ ಅವನು. ಅವಳು ಬಲಿಪೀಠದ ಮುಂದೆ ತೋಳು ಎಳೆದುಕೊಳ್ಳುತ್ತ ನಿಲ್ಲುವುದನ್ನು ಎಣಿಸಿದ ಮೇಲಂತೂ ಕೈ ತಾನಾಗಿ ಸರಿದಾರಿಗೆ ಬಂದಿತ್ತು.

"ಹಾಳು ಮಾಡಿ ಹೊಲಿಯಲಿಕ್ಕೆ ನನಗೆ ಬರುವುದಿಲ್ಲ, ಗ್ಲ್ಯಾಡಿಸ್. ದೇವರಿಗೆ ಅಂತ ಹೊಲಿಯುವುದು ನಾನು."

"ದೇವರು ಹಾಕಿಕೊಳ್ತಾನಾ ಇದನ್ನು? ಹಾಕಿಕೊಂಡು ಕುವೈತಿಗೆ ಹೋಗಬೇಕಾದವಳು ನಾನು!"

ಅಷ್ಟರಲ್ಲಿ ಇಮೆಲ್ಡಾ ಚಹಾ ಹಿಡಿದು ಬಂದಳು. ತಾಯಿಯಿಲ್ಲದ ಗ್ಲ್ಯಾಡಿಸಳನ್ನು ಸಾಕಿದ ಚಿಕ್ಕಮ್ಮ ಆಕೆ. ಲೋಟ ಇಟ್ಟು ರವಿಕೆಯ ಭುಜಕ್ಕೆ ಬೆರಳಿಟ್ಟವಳು ಹಾಗೆಯೇ ನಿಂತಳು. ಟ್ರಂಕಿನ ಮೇಲಿದ್ದ ಅಳತೆ ರವಿಕೆಯನ್ನು ಬಿಡಿಸಿ ನೋಡಿದಳು.

"ಭಾವ, ಸ್ವಲ್ಪ ಒಳಗೆ ಬನ್ನಿ!"

ಜಾರ್ಜ್ ಜಗಲಿಯಿಂದ ಎದ್ದು ಬಂದರು.

"ಅಳತೆಗೆ ಹೋದದ್ದು ದೊಡ್ಡವಳ ರವಿಕೆ. ಹೊಲಿದು ಬಂದದ್ದು ಇವಳ ಮೈಗೆ ಎರಕ ಹೊಯ್ದ ಹಾಗೆ. ಬ್ರೆಡ್ಡಿನ ಬುಟ್ಟಿ ಹೊತ್ತು ಹೊತ್ತು ಇವಳ ಎಡಭುಜ ಒಂದಿಷ್ಟು ತಗ್ಗು. ಸಾಕಿದ ನನಗೇ ಅದು ಗೊತ್ತಾದದ್ದು ಈಗ, ಈ ರವಿಕೆ ನೋಡಿ! ಇವನಿಗೆ ಹೇಳಿದ್ದು ಯಾರು? ಅಳತೆ ತೆಗೆದದ್ದು ಎಲ್ಲಿ?"

ಜಾರ್ಜರ ಮುಖ ಕಪ್ಪಿಟ್ಟಿತು.

ಅಂದಾಜಿನಲ್ಲಿ ಹೊಲಿದದ್ದು ಸರಿಬಂತು ಎಂದರೆ ಸಾಕಿತ್ತು. ಗ್ಲ್ಯಾಡಿಸಳ ಮಾನವೂ ಉಳಿಯುತ್ತಿತ್ತು, ಮದುವೆಯೂ ಉಳಿಯುತ್ತಿತ್ತು. ಆ ಮಾತು ಆಲ್ಫೋನ್ಸನ ನಾಲಗೆಯ ತುದಿಗೂ ಬಂತು. ಕನ್ನಡಿಯಲ್ಲಿ ಅವಳ ಕಣ್ಣು ಮುಚ್ಚಿಕೊಂಡಿದ್ದನ್ನು ಕಂಡ.

"ಅಳತೆ ತೆಗೆದಿಲ್ಲ, ಜಾರ್ಜರೇ. ಇವಳ ಬೆರಳನ್ನೂ ಮುಟ್ಟಿದವನಲ್ಲ. ಇಗರ್ಜಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ನೋಡಿದ್ದು. ಪಾದ್ರಿಯವರನ್ನು ನೋಡಬೇಕಾದಾಗಲೂ ಇವಳನ್ನೇ ನೋಡಿದ್ದು." ಅವನು ಟೇಪನ್ನು ಸುತ್ತಿ ಜೇಬಿಗಿಟ್ಟ. "ಮೆಷಿನಿನ ಮುಂದೆ ಯಾವತ್ತೂ ಸೋಮಾರಿತನ ಮಾಡಿದವನಲ್ಲ ನಾನು. ನಿಮ್ಮ ಬಾಗಿಲಿಗೆ ಬಂದು ಕೇಳುವ ಕೆಲಸ ಒಂದನ್ನೇ ಹೆದರಿ ಹಾಗೇ ಬಿಟ್ಟೆ. ಈಗ ಕೇಳ್ತಾ ಇದ್ದೇನೆ. ಇವಳನ್ನು ನನಗೆ ಕೊಡಿ."

"ಈಗಲಾ ಮಾರಾಯ? ಗರ್ನಾಲು ಹೊಡೆದು ಆದ ಮೇಲಾ?" ಇಮೆಲ್ಡಾ ಹಣೆ ಬಡಿದುಕೊಂಡಳು.

ಜಾರ್ಜ್ ಅವನನ್ನು ನೋಡಲಿಲ್ಲ. ಮಗಳನ್ನೇ ನೋಡಿದರು. "ನೀನು ಎಂತ ಹೇಳ್ತಿ?"

"ಅಕ್ಕನ ರವಿಕೆ ಕಳಿಸಿದ್ದು ನಾನು, ಪಪ್ಪ," ಎಂದಳು ಗ್ಲ್ಯಾಡಿಸ್. "ಈ ಮದುವೆ ನನಗೆ ಬೇಡ."

ಜಾರ್ಜ್ ಮಂಚದ ಅಂಚಿನಲ್ಲಿ ಕುಸಿದು ಕೂತರು. ಒಮ್ಮೆಲೇ ಮುದುಕರಾದ ಹಾಗೆ ಕಂಡರು. ಚಹಾಕ್ಕೆ ಕೆನೆ ಕಟ್ಟಿತು.

"ನಾಳೆ ಫಸ್ಟ್ ಬಸ್ಸಿಗೆ ಕಾರ್ಕಳಕ್ಕೆ ಹೋಗಬೇಕು, ಸಾಡೊ ವಾಪಸು ಕೊಡಲಿಕ್ಕೆ," ಎಂದರು ಕೊನೆಗೆ. ಆಲ್ಫೋನ್ಸನ ಕಡೆ ತಿರುಗಿದರು. "ನೀನೂ ಬಾ. ಅವರು ಬಯ್ಯುವುದನ್ನೆಲ್ಲ ನಾನೊಬ್ಬನೇ ಕೇಳುವುದು ಯಾಕೆ?"

ಗ್ಲ್ಯಾಡಿಸಳ ಅಳು ಕಟ್ಟೆಯೊಡೆಯಿತು. ಆಲ್ಫೋನ್ಸ್ ಗಡಿಬಿಡಿಯಲ್ಲಿ ಕರ್ಚೀಫು ತೆಗೆದು ಚಾಚಿದ.

"ರೇಷ್ಮೆಗೆ ನೀರು ಬಿದ್ದರೆ ಕಲೆ ಉಳಿಯುತ್ತದೆ," ಎಂದ ಮೆಲ್ಲಗೆ. "ಅದು ಅವರ ಬಟ್ಟೆ. ಚಂದ ಮಾಡಿ ಮಡಚಿ ಕೊಡಬೇಕು."

"ಅಳಲಿಕ್ಕೂ ಬಿಡುವುದಿಲ್ಲ ಅಲ್ವಾ ನೀವು?" ಎಂದಳು ಅವಳು, ಕರ್ಚೀಫಿನಲ್ಲಿ ಮುಖ ಹುದುಗಿಸಿಕೊಂಡು.