ಲಿವಿಯು ಬರೆದ ಡ್ರೈವರ್

ಸಾಂದಾ ಕೇಳಿದ್ದ ಸಹಾಯಕ್ಕೆ ಉತ್ತರವಾಗಿ ಫಿನ್ಲೆಂಡಿನಿಂದ ಬಂದ ಇಮೇಲ್‌ನಲ್ಲಿದ್ದದ್ದು ಎರಡೇ ಸಾಲು. ನಿಮ್ಮ ಬೋರ್ಡಿನ ಚಿಪ್‌ಗೆ ಸೀರಿಯಲ್ ಪೋರ್ಟ್ ಡ್ರೈವರ್ ಬರೆದವರು ಒಬ್ಬರೇ. ನಿಮ್ಮದೇ ಊರು ತಿಮಿಶೋರಾದಲ್ಲಿದ್ದಾರೆ, ಲಿವಿಯು ಮುರೆಶಾನ್.

ಹೆಸರು ಓದಿದ ಸಾಂದಾ ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತಳು.

ವಿದ್ಯಾರ್ಥಿಗಳಿಗೆ ಕಲಿಸಲೆಂದೇ ಅವಳು ಎರಡು ವರ್ಷ ಕೂತು ಪುಟ್ಟದೊಂದು ಆಪರೇಟಿಂಗ್ ಸಿಸ್ಟಂ ಬರೆದಿದ್ದಳು. ಕಾಲೇಜಿಗೆ ಬಂದ ಹೊಸ ಬೋರ್ಡುಗಳಿಗೆ ಪರದೆಯಿರಲಿಲ್ಲ. ಒಳಗೆ ನಡೆದದ್ದೆಲ್ಲ ಸೀರಿಯಲ್ ಪೋರ್ಟಿನ ತಂತಿಯಲ್ಲೇ ಬೇರೆ ಕಂಪ್ಯೂಟರಿನ ಪರದೆಗೆ ಬರಬೇಕು. ಆ ಪೋರ್ಟನ್ನು ನಡೆಸುವ ಪುಟ್ಟ ಪ್ರೋಗ್ರಾಂ, ಅಂದರೆ ಡ್ರೈವರ್, ಇಲ್ಲದೆ ಅವಳ ಸಿಸ್ಟಂ ಮೂಕವಾಗಿತ್ತು. ಶುಕ್ರವಾರ ಹನ್ನೊಂದಕ್ಕೆ ಓಡಿಸಿ ತೋರಿಸದಿದ್ದರೆ ಕೋರ್ಸ್ ರದ್ದು ಎಂದು ವಿಭಾಗದ ಮುಖ್ಯಸ್ಥ ಆಂಗೆಲ್ ಹೇಳಿಯಾಗಿತ್ತು. ಆವತ್ತು ಬುಧವಾರ.

ಲಿವಿಯು ಹಿಂದೆ ಅದೇ ಕಾಲೇಜಿನ ಲ್ಯಾಬಿನಲ್ಲಿ ಅವಳ ಪಕ್ಕದ ಮೇಜಿನಲ್ಲಿ ಕೆಲಸ ಮಾಡುತ್ತಿದ್ದವನು. ಮೂರು ವರ್ಷದ ಹಿಂದೆ ನಾಲ್ಕು ಬೋರ್ಡು ಸುಟ್ಟಾಗ ಆಂಗೆಲ್ ತಪ್ಪನ್ನು ಅವನ ಮೇಲೆ ಹೊರಿಸಿ ಕೆಲಸ ಬಿಡಿಸಿದ್ದರು. ಕೆಟ್ಟಿದ್ದು ಪವರ್ ಸಪ್ಲೈ ಎಂದು ಸಾಂದಾಗೆ ಗೊತ್ತಿತ್ತು. ಆ ವಾರವಷ್ಟೇ ಅವಳ ಕೆಲಸ ಕಾಯಂ ಆಗಿತ್ತು. ಅವಳು ಬಾಯಿ ಬಿಡಲಿಲ್ಲ.

ಅವನೀಗ ಟ್ರಾಮ್ ಡಿಪೊದಲ್ಲಿ ಟಿಕೆಟ್ ಯಂತ್ರ ರಿಪೇರಿ ಮಾಡುತ್ತಿದ್ದ; ಅವುಗಳಲ್ಲೂ ಅದೇ ಚಿಪ್ ಇತ್ತು. ಸಾಂದಾ ಅಲ್ಲಿಗೆ ಹೋದಾಗ, ಅವಳನ್ನು ಕಂಡು ಬ್ರೆಡ್ ಅಗಿಯುವುದನ್ನು ನಿಲ್ಲಿಸಿದ. ಕಿವಿಯ ಬಳಿ ನಾಲ್ಕು ಕೂದಲು ನರೆತಿದ್ದವು. ಅವಳು ಅದನ್ನೇ ನೋಡಿದ್ದು ತಿಳಿದು, ಕೈಯಿಂದ ಸವರಿಕೊಂಡ. ವಿಷಯ ಕೇಳಿ, ಮೇಜಿನ ಡ್ರಾಯರ್‌ನಿಂದ ಡ್ರೈವರ್ ಇದ್ದ ಫ್ಲಾಪಿ ತೆಗೆದಿಟ್ಟ.

"ಮೊದಲು ಬೈದುಬಿಡು," ಎಂದಳು.

"ಮೂರು ವರ್ಷದಿಂದ ಬೈಗುಳ ಕೂಡಿಟ್ಟಿದ್ದೆ ಕಣೇ. ನೀನು ಎದುರಿಗೆ ನಿಂತ್ರೆ ಒಂದೂ ನೆನಪಾಗ್ತಿಲ್ಲ."

"ನಂಗೆ ಗೊತ್ತಿತ್ತು, ಲಿವಿಯು. ಹೆದರಿ ಸುಮ್ಮನಿದ್ದೆ."

"ಅದು ನಂಗೂ ಗೊತ್ತಿತ್ತು. ಒಂದು ಸಲ ಬರ್ತೀಯ ಅಂತ ಕಾದೆ. ಬಂದೆ, ಡ್ರೈವರ್ ಬೇಕಾದಾಗ."

ಅವಳು ಫ್ಲಾಪಿ ಎತ್ತಿಕೊಂಡು ಚೀಲದಲ್ಲಿಟ್ಟಳು.

ಗುರುವಾರವಿಡೀ ಅವಳು ಡ್ರೈವರನ್ನು ತನ್ನ ಸಿಸ್ಟಂಗೆ ಹೊಂದಿಸಲು ಒದ್ದಾಡಿದಳು. ಹದಿನಾರು ಅಕ್ಷರ ಬಂದು ಎಲ್ಲ ನಿಂತುಬಿಡುತ್ತಿತ್ತು. ಶುಕ್ರವಾರ ಬೆಳಗ್ಗೆ ನಾಚಿಕೆ ಬಿಟ್ಟು ಡಿಪೊಗೆ ಫೋನ್ ಮಾಡಿ ಹೇಳಿದಳು. ಅವನು ಫೋನ್ ಇಟ್ಟುಬಿಟ್ಟ.

ಹತ್ತೂವರೆಗೆ ಲ್ಯಾಬಿನ ಬಾಗಿಲಲ್ಲಿ ನಿಂತಿದ್ದ, ಡಿಪೊದ ನೀಲಿ ಕೋಟಿನಲ್ಲೇ. ಅವಳ ಕುರ್ಚಿಯಲ್ಲಿ ಕೂತು ಕೋಡ್ ಓದಿದ. ಅವಳು ಅವನ ಭುಜದ ಹಿಂದೆ ಬಗ್ಗಿ ನಿಂತಿದ್ದಳು. "ಕುತ್ತಿಗೆಗೆ ಬಿಸಿ ಗಾಳಿ ಬರ್ತಿದೆ," ಎಂದ ತಿರುಗದೆ. ಒಂದೇ ಒಂದು ಸಾಲು ತಿದ್ದಿದ.

ಹನ್ನೊಂದಕ್ಕೆ ಎಲ್ಲರ ಎದುರು ಅಕ್ಷರಗಳು ಸಾಲುಸಾಲಾಗಿ ಹರಿದವು. ಹಿಂದಿನ ಗೋಡೆಗೆ ಒರಗಿದ್ದ ಲಿವಿಯುವನ್ನು ಗಮನಿಸದ ಆಂಗೆಲ್, ಡ್ರೈವರ್ ಯಾರದ್ದೆಂದು ಕೇಳಿದರು.

"ಲಿವಿಯು ಮುರೆಶಾನ್ ಅವರದ್ದು, ಸರ್," ಎಂದಳು ಸಾಂದಾ. ಹಿಂದಿನ ಗೋಡೆಯ ಕಡೆ ಕೈ ತೋರಿಸಿದಳು. "ಅವತ್ತು ಬೋರ್ಡು ಸುಟ್ಟಿದ್ದು ಇವರಿಂದಲ್ಲ. ಪವರ್ ಸಪ್ಲೈ ಕೆಟ್ಟಿತ್ತು. ನಂಗೆ ಆಗಲೇ ಗೊತ್ತಿತ್ತು, ಹೇಳಲಿಲ್ಲ."

ಸೋಮವಾರ ತಮ್ಮ ಕೋಣೆಗೆ ಬರುವಂತೆ ಹೇಳಿ ಆಂಗೆಲ್ ಹೊರಟುಹೋದರು.

ಹೊರಗೆ ಮೆಟ್ಟಿಲ ಮೇಲೆ ಲಿವಿಯು ಕೇಳಿದ. "ಡ್ರೈವರ್ ಸಿಕ್ಕಿತ್ತಲ್ಲ. ಯಾಕೆ ಹೇಳೋಕೆ ಹೋದೆ? ಕೆಲಸ ಹೋಗಬಹುದು."

"ಹೋಗಲಿ. ನಾನು ಇಷ್ಟಪಡೋನನ್ನ ತಲೆ ಎತ್ತಿ ನೋಡಬೇಕಿತ್ತು."

ಅವನು ಅವಳನ್ನೇ ನೋಡಿದ, ಅವಳ ಮುಖ ಕೆಂಪಾಗುವವರೆಗೂ. ಡಿಪೊ ಕಡೆಯ ಟ್ರಾಮ್ ಬಂದು ನಿಂತಿತು, ಹೊರಟಿತು. ಅವನು ಹತ್ತಲಿಲ್ಲ. ಮೆಟ್ಟಿಲ ಮೇಲೆ ಕೂತು, ಪಕ್ಕಕ್ಕೆ ಸರಿದು ಅವಳಿಗೆ ಜಾಗ ಮಾಡಿದ.