ಸವರದೆ ಉಳಿದ ಗೆರೆ

ಅವನು ಚಿತ್ರ ಬರೆಯಲೆಂದು ಇದ್ದಿಲು ಹಿಡಿದ ಹೊಸತರಲ್ಲಿ ಅವಳು ಮಾತು ಕೊಟ್ಟಿದ್ದಳು: "ನನ್ನ ಒಳಗಿರೋದನ್ನ ಯಾವತ್ತಾದ್ರೂ ಕಾಗದದ ಮೇಲೆ ತಂದ್ರೆ, ನಿನ್ನನ್ನೇ ಮದುವೆ ಆಗ್ತೀನಿ."

ಅವಳು ಅಣ್ಣನ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಮೂಗಿನ ತುದಿಯಲ್ಲೇ ಸಿಟ್ಟು. ಓಣಿಯವರೆಲ್ಲ ಕರೆಯುತ್ತಿದ್ದುದು ಕಿಡಿ ಎಂದು. ಸಂಜೆಯಾದರೆ ಚಿತ್ರಗಾರ ಹಳೇ ಟಯರಿನ ಮೇಲೆ ಕೂತು ಅವಳ ಮುಖ ಬರೆಯುತ್ತಿದ್ದ. ಅವನದೊಂದು ಚಾಳಿ: ಗೆರೆ ಎಳೆದ ಕೂಡಲೇ ಹೆಬ್ಬೆರಳಿನಿಂದ ಸವರಿಬಿಡುವುದು. ಹುಬ್ಬಿನ ಗಂಟು ಮಂಜಾಗುತ್ತಿತ್ತು, ಕಚ್ಚಿದ ದವಡೆ ಹತ್ತಿಯಾಗುತ್ತಿತ್ತು. ಇವಳ್ಯಾರೋ ಪೌಡರ್ ಡಬ್ಬಿ ಮೇಲಿನ ಹುಡುಗಿ ಎಂದು ಅವಳು ಹಾಳೆ ಹರಿದು, ಅದರಲ್ಲೇ ಕೈಯ ಗ್ರೀಸು ಒರೆಸಿಕೊಳ್ಳುವಳು. ಒರೆಸಿಕೊಳ್ಳುತ್ತಲೇ ಓರೆಗಣ್ಣಲ್ಲಿ ನೋಡುವಳು, ಅವನು ಇನ್ನೊಂದು ಹಾಳೆ ಬಿಚ್ಚಿದನೇ ಎಂದು.

ಬಿಚ್ಚುತ್ತಿದ್ದ.

ಅಣ್ಣನಿಗೆ ಇದು ಕಣ್ಣಲ್ಲಿ ಬಿದ್ದ ಕಸ. ತಂಗಿಯನ್ನು ತನ್ನ ಪಾಲುದಾರನಿಗೆ ಕೊಡುವುದೆಂದು ಅವನಾಗಲೇ ನಿಶ್ಚಯಿಸಿದ್ದ. ಒಂದು ಸಂಜೆ ಚಿತ್ರಗಾರನ ಕೊರಳಪಟ್ಟಿ ಹಿಡಿದು ಹೊರಗೆ ದಬ್ಬಿದ. ಬಿದ್ದವನ ಬಲಗೈ ಹೊಸ್ತಿಲ ಮೇಲಿತ್ತು. ಅದನ್ನು ನೋಡಿಯೇ ಅಣ್ಣ ಶಟರ್ ಎಳೆದ. ಹೆಬ್ಬೆರಳು ಮುರಿದ ಸದ್ದು ಅವಳಿಗೆ ಕೇಳಿಸಿತು.

ಅವಳು ಸ್ಪ್ಯಾನರ್ ಬೀಸಿದಳು. ಅಣ್ಣನ ಮೊಣಕೈಗೆ ಬಿತ್ತು. ಅವನ ಹೊಡೆತಕ್ಕೆ ಅವಳ ತುಟಿ ಒಡೆಯಿತು. ಬಾಯಲ್ಲಿ ರಕ್ತ ಇಟ್ಟುಕೊಂಡೇ ಮತ್ತೆ ಬೀಸಿದಳು. ಅಣ್ಣ ಶಟರ್ ಎತ್ತಿ, ನೀನು ನನ್ನ ಪಾಲಿಗೆ ಸತ್ತೆ ಎಂದು ಉಗಿದು, ಜೋತುಬಿದ್ದ ಕೈ ಹಿಡಿದುಕೊಂಡು ಹೊರಟುಹೋದ.

ಆಸ್ಪತ್ರೆಗೆ ನಡಿ ಎಂದಳು. ಅಲ್ಲಾಡಬೇಡ ಎಂದ ಚಿತ್ರಗಾರ. ನೆಲದಲ್ಲಿದ್ದ ಇದ್ದಿಲನ್ನು ಉಳಿದ ಬೆರಳುಗಳ ಸಂದಿಗೆ ಸಿಕ್ಕಿಸಿ, ಹಲ್ಲು ಕಚ್ಚಿ ಹಾಳೆಯ ಮೇಲೆ ಅವಳ ಮುಖ ಗೀಚತೊಡಗಿದ. ಸವರಲು ಮುರಿದ ಹೆಬ್ಬೆರಳು ಏಳಲಿಲ್ಲ. ಎಳೆದ ಗೆರೆ ಎಳೆದಂತೆಯೇ ಉಳಿಯಿತು. ಒತ್ತಿದ ರಭಸಕ್ಕೆ ಇದ್ದಿಲು ಮುರಿಯಿತು; ಚೂರಿನಲ್ಲೇ ಮುಗಿಸಿದ.

ಅವಳು ಹಾಳೆ ಕಸಿದು ನೋಡಿದಳು. ಹುಬ್ಬಿನಲ್ಲಿ ಸಿಟ್ಟಿತ್ತು. ಕಣ್ಣಲ್ಲಿ ಇದ್ದದ್ದು ಬೇರೆ.

"ಕಣ್ಣಲ್ಲಿರೋದು ಏನೋ ಇದು?"

"ಹೆದರಿಕೆ ಕಣೇ. ಇಷ್ಟು ದಿನ ಸವರಿ ಸವರಿ ನಾನೇ ಅಳಿಸ್ತಿದ್ದೆ."

"ನನಗೆ ಯಾರ ಹೆದರಿಕೆ?"

"ಯಾರದೂ ಅಲ್ಲ. ನಾಳೆ ನಾನು ಬರದೇ ಹೋದ್ರೆ ಅಂತ."

ಅವಳು ಹಾಳೆ ಹರಿಯಲಿಲ್ಲ. ನಗಲು ಹೋಗಿ, ಒಡೆದ ತುಟಿ ಉರಿದು ಮುಖ ಕಿವುಚಿದಳು. ಅದನ್ನೂ ಬರೆಯಲಾ ಎಂದು ಅವನು ಕೇಳಿದ. ಮೊದಲು ಆ ಬೆರಳು ಕಟ್ಟಿಸ್ಕೋ ಎಂದು ಗದರಿ, ಅವನ ಮಸಿ ಹತ್ತಿದ ಕೈಯನ್ನು ತನ್ನೆರಡೂ ಅಂಗೈಯಲ್ಲಿ ಹಿಡಿದು ಎಬ್ಬಿಸಿದಳು.

ಬೆರಳಿನ ಪ್ಲಾಸ್ಟರ್ ಬಿಚ್ಚುವ ಮೊದಲೇ ಅವನನ್ನು ಮದುವೆಯಾದಳು. ಕೊಟ್ಟ ಮಾತು ಉಳಿಸಿಕೊಂಡಳು.