ಮುರಿಯದ ಹಳದಿ ಗೆರೆ

ದೆವ್ವದ ಮಾತೆತ್ತಿದವರ ಮುಖಕ್ಕೆ ಉಗಿಯುವವನು ನಾನು; ಆದರೂ ಇದು ನಡೆದದ್ದು. ಮೊಡೆನಾ ಊರಿನ ನನ್ನ ಗ್ಯಾರೇಜಿಗೆ ಹಲ್ಲಿನ ಡಾಕ್ಟರ್ ಟೊರ್ಕ್ವಾಟೊ ತನ್ನ ಸ್ಪೋರ್ಟ್ಸ್ ಕಾರು ತಂದ. ಅದರ ಹಳೆಯ ಮಾಲೀಕ ಓರೆಸ್ಟೆ ಅದೇ ಕಾರಿನ ಬ್ರೇಕು ಕೈಕೊಟ್ಟು ಸತ್ತಿದ್ದ; ಅವನ ಹೆಂಡತಿಯಿಂದ ಡಾಕ್ಟರ್ ಅಗ್ಗಕ್ಕೆ ಹೊಡೆದುಕೊಂಡದ್ದು. ಚಕ್ರ ಬಿಚ್ಚಿದರೆ, ಬ್ರೇಕು ಹಿಡಿಯುವ ಇಕ್ಕಳದಂಥ ಕ್ಯಾಲಿಪರ್‌ಗಳಲ್ಲಿ ಎಡಗಡೆಯದು ಬಲಕ್ಕೆ, ಬಲಗಡೆಯದು ಎಡಕ್ಕೆ! ಬ್ರೇಕ್ ಎಣ್ಣೆಯೊಳಗಿನ ಗಾಳಿ ತೆಗೆಯುವ, ಮೇಲಿರಬೇಕಾದ ತಿರುಪು ನೆಲ ನೋಡುತ್ತಿತ್ತು.

"ಗಾಳಿ ಮೇಲಕ್ಕೆ ಹೋಗುತ್ತೆ ಅಂತ ಕೂಸಿಗೂ ಗೊತ್ತು. ತಿರುಪು ಕೆಳಗಿದ್ರೆ ಗಾಳಿ ಒಳಗೇ ಉಳಿದು ಬ್ರೇಕು ಹಿಡಿಯಲ್ಲ. ಹಲ್ಲು ಕೀಳೋ ಕೈಗೆ ಸ್ಪ್ಯಾನರ್ ಯಾಕ್ರೀ ಡಾಕ್ಟ್ರೇ?"

"ನಾನು ಮುಟ್ಟೇ ಇಲ್ಲ ಕಣಯ್ಯಾ."

"ಹಂಗಾದ್ರೆ ಸತ್ತೋನು ಎದ್ದು ಬಂದು ಹಾಕಿದ್ನಾ?"

ಎರಡನ್ನೂ ಸರಿಯಾದ ಕಡೆಗೆ ಕೂರಿಸಿ, ಬಿಗಿದ ಬೋಲ್ಟುಗಳಿಂದ ಕ್ಯಾಲಿಪರ್‌ವರೆಗೆ ಹಳದಿ ಬಣ್ಣದ ಗೆರೆ ಎಳೆದೆ. ಬೋಲ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿಯುತ್ತದೆ.

ಇಬ್ಬರೂ ಬಾಗಿಲಲ್ಲೇ ನಿಂತು ಕಾಫಿ ಕುಡಿಯುತ್ತಿದ್ದೆವು. ಒಳಗೆ ಯಾರೋ ಪೆಡಲ್ ತುಳಿದಂತೆ ಉಸ್, ಉಸ್ ಎಂದಿತು. ಕಾರು ಖಾಲಿಯಿತ್ತು. ಓಡಿ ಹೋಗಿ ಮುಟ್ಟಿದರೆ, ಜುಲೈ ಮಧ್ಯಾಹ್ನದ ಸೆಕೆಯಲ್ಲೂ ಕ್ಯಾಲಿಪರ್ ಮಂಜುಗಡ್ಡೆಯಂತೆ ಕೊರೆಯುತ್ತಿತ್ತು. ಬಗ್ಗಿ ನೋಡಿದರೆ ತಿರುಪು ಮತ್ತೆ ನೆಲ ನೋಡುತ್ತಿದೆ.

"ಈಗ ಯಾರ ಕೈ, ಮೇಸ್ತ್ರಿ?" ಎಂದ ಡಾಕ್ಟರ್.

ನಾನು ಬೋಲ್ಟಿನ ಮೇಲೆ ಬೆರಳ ತುದಿ ಇಟ್ಟೆ. ನಾನೆಳೆದ ಹಳದಿ ಗೆರೆ ಎಲ್ಲೂ ಮುರಿದಿರಲಿಲ್ಲ. ಬಣ್ಣ ಇನ್ನೂ ಹಸಿಯಾಗಿತ್ತು.